ಡೈಕ್ರೋಮೇಟ್ ತೋರಿಸಿದ ದಾರಿ

ಪೀಣ್ಯದಲ್ಲಿ ದಾರಿ ಹೇಳುವವರು ಎರಡು ಬಗೆ. ಕೆಲವರು ಇಷ್ಟನೇ ಹಂತ, ಇಷ್ಟನೇ ಮೈನು, ಇಷ್ಟನೇ ಕ್ರಾಸು ಎಂದು ಲೆಕ್ಕ ಒಪ್ಪಿಸುತ್ತಾರೆ. ಇನ್ನು ಕೆಲವರು ಎನ್‌ಟಿಟಿಎಫ್ ಸರ್ಕಲ್ಲಿನಿಂದ ಶುರುಮಾಡಿ ಟ್ರಾನ್ಸ್‌ಫಾರ್ಮರು, ಟೀ ಅಂಗಡಿ, ನೀಲಿ ಗೇಟು ಎಂದು ಒಂದೊಂದಾಗಿ ಮುಂದೆ ಇಡುತ್ತಾ ಹೋಗುತ್ತಾರೆ. ಅಪ್ಪ ಎರಡನೆಯ ಬಗೆಯವರು. ಇಪ್ಪತ್ತಾರು ವರ್ಷ ಅಲ್ಲಿನ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ದುಡಿದರು, ಕ್ರಾಸ್ ನಂಬರ್ ಒಂದೂ ಬಾಯಿಗೆ ಬರುತ್ತಿರಲಿಲ್ಲ.

ಕಳೆದ ವರ್ಷ ಟೀ ಕುಡಿಯಲು ಹೋದವರು ಕತ್ತಲಾದರೂ ಮನೆಗೆ ಬರಲಿಲ್ಲ. ಕೊನೆಗೆ ಟಿವಿಎಸ್ ಕ್ರಾಸ್ ಹತ್ತಿರ ಸಿಕ್ಕರು. ಗಾಬರಿಯೇನೂ ಇರಲಿಲ್ಲ. ‘ಅಂಗಡಿ ಗೊತ್ತಾಗ್ತದೆ ಮಗಾ, ಬೋರ್ಡೂ ಗೊತ್ತಾಗ್ತದೆ. ಅಲ್ಲಿಂದ ಮನೆ ಯಾವ ಕಡೆ ಅಂತ ಮಾತ್ರ ಹತ್ತಲಿಲ್ಲ’ ಅಂದರು. ಆಲ್ಝೈಮರ್‌ನ ಶುರು ಎಂದ ವೈದ್ಯರು ಸ್ಕ್ಯಾನಿನ ಮೇಲೆ ಬೆರಳಿಟ್ಟು ‘ಹಿಪೊಕ್ಯಾಂಪಸ್’ ಎಂದರು.

ನಾನು ಓದಿದ್ದು ಇತಿಹಾಸ. ಹಾಗಾಗಿ ಆ ಪದವನ್ನು ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹಿಡಿದುಕೊಂಡೆ: ಇದನ್ನು ಮೊದಲು ನೋಡಿದವರು ಯಾರು, ಹೇಗೆ ನೋಡಿದರು? ಹೆಸರಿಟ್ಟದ್ದು ಬೊಲೋನ್ಯಾದ ಅಂಗರಚನಾ ತಜ್ಞ ಜೂಲಿಯೊ ಚೇಸರೆ ಅರಾಂಜಿ, 1587ರಲ್ಲಿ. ಆಕಾರ ಕಡಲಕುದುರೆಯಂತೆ ಕಂಡಿತು, ಅದನ್ನೇ ಹೆಸರು ಮಾಡಿದ. ಅದರೊಳಗೆ ಏನಿದೆ ಎಂದು ಕಾಣಲು ಇನ್ನೂ ಮುನ್ನೂರು ವರ್ಷ ಬೇಕಾಯಿತು. ಕಾಣಿಸಿದ್ದು ಅಪ್ಪನ ಕೈ ಹಳದಿ ಮಾಡುತ್ತಿದ್ದ ವಸ್ತು.

ಸತು ಲೇಪಿಸಿದ ನಟ್ಟು ಬೋಲ್ಟುಗಳನ್ನು ಕೊನೆಗೆ ಡೈಕ್ರೋಮೇಟ್ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ, ಬಂಗಾರದ ಬಣ್ಣ ಬರುತ್ತದೆ, ಬೇಗ ತುಕ್ಕು ಹಿಡಿಯುವುದಿಲ್ಲ. ಶೆಡ್ಡಿನಲ್ಲಿ ಅದಕ್ಕೆ ಪಾಸಿವೇಷನ್ ಎನ್ನುತ್ತಾರೆ. 1873ರಲ್ಲಿ ಮಿಲಾನ್ ಹತ್ತಿರದ ಅಬ್ಬಿಯಾತೆಗ್ರಾಸೊ ಎಂಬ ಊರಲ್ಲಿ, ವಾಸಿಯಾಗದ ರೋಗಿಗಳ ಆಸ್ಪತ್ರೆಯ ವೈದ್ಯ ಕ್ಯಾಮಿಲ್ಲೊ ಗಾಲ್ಜಿ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದ. ಮಿದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ ಗಟ್ಟಿ ಮಾಡಿ, ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿದ. ಹಳದಿ ಹಿನ್ನೆಲೆಯ ಮೇಲೆ ಕೆಲವು ನರಕೋಶಗಳು ಬೇರು ಕೊಂಬೆಗಳ ಸಮೇತ ಅಚ್ಚ ಕಪ್ಪಾಗಿ ಎದ್ದು ನಿಂತವು. ಕೆಲವು ಮಾತ್ರ. ಮಿಕ್ಕವು ಬಣ್ಣವನ್ನೇ ಹಿಡಿಯಲಿಲ್ಲ. ಆ ಕೆಲವೇ ಏಕೆ ಎಂಬುದು ಇಂದಿಗೂ ಬಗೆಹರಿದಿಲ್ಲ. ಆದರೆ ಎಲ್ಲವೂ ಕಪ್ಪಾಗಿದ್ದರೆ ಕಾಣುತ್ತಿದ್ದದ್ದು ಮಸಿಯ ಮುದ್ದೆ ಅಷ್ಟೇ.

ಇದೇ ಬಣ್ಣವನ್ನು 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಕಂಡ ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಮುಂದಿನ ವರ್ಷಗಳಲ್ಲಿ ಹಿಪೊಕ್ಯಾಂಪಸ್ಸನ್ನೂ ಬಿಡಿಸಿದ. ಪಕ್ಕದ ಎಂಟೋರೈನಲ್ ಕಾರ್ಟೆಕ್ಸ್ ಎಂಬ ಭಾಗದಿಂದ ದಪ್ಪ ತಂತುಗಳ ಕಟ್ಟೊಂದು ನಡುವಿನ ಪದರವನ್ನು ತೂತು ಕೊರೆದುಕೊಂಡು ಹಿಪೊಕ್ಯಾಂಪಸ್ಸಿಗೆ ಇಳಿಯುವುದನ್ನು ಗುರುತಿಸಿದ. ಅದೇ ‘ಪರ್ಫೊರೆಂಟ್ ಪಥ’, ಕೊರೆದು ಹೋಗುವ ದಾರಿ. ಸಂದೇಶ ಯಾವ ಕಡೆ ಹರಿಯುತ್ತದೆಂದು ಚಿತ್ರದಲ್ಲಿ ಬಾಣಗಳನ್ನೂ ಹಾಕಿದ. ನರಗಳೆಲ್ಲ ಒಂದೇ ಬಲೆ ಎಂದು ನಂಬಿದ್ದ ಗಾಲ್ಜಿ ಒಪ್ಪಲಿಲ್ಲ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂದಾಗ, ಗಾಲ್ಜಿ ತನ್ನ ಭಾಷಣದಲ್ಲೇ ಕಹಾಲ್‌ನ ಸಿದ್ಧಾಂತದ ವಿರುದ್ಧ ವಾದಿಸಿದ.

ದಾರಿ ಸಿಕ್ಕರೂ ಅದರಲ್ಲಿ ಏನು ಹೋಗುತ್ತದೆಂದು ಗೊತ್ತಿರಲಿಲ್ಲ. ಬಹುಕಾಲ ಹಿಪೊಕ್ಯಾಂಪಸ್ ವಾಸನೆ ಹಿಡಿಯುವ ಭಾಗವೆಂದೇ ನಂಬಿದ್ದರು. ನೆನಪಿನ ಮಾತು ಬಂದದ್ದು ಒಂದು ಅನಾಹುತದಿಂದ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಅಪಸ್ಮಾರದ ರೋಗಿಯ ಎರಡೂ ಬದಿಯ ಆ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದರು. ಹೊಸ ಘಟನೆ ಯಾವುದೂ ಆತನಲ್ಲಿ ನಿಲ್ಲದಾಯಿತು. ಈ ಕಥೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ, ಹೇಳಿ ಹಿಪೊಕ್ಯಾಂಪಸ್ಸನ್ನು ನೆನಪಿನ ಉಗ್ರಾಣ ಮಾಡಿಬಿಡುತ್ತವೆ. ನನ್ನನ್ನು ತಡೆದು ನಿಲ್ಲಿಸಿದ್ದು 1997ರಲ್ಲಿ ಪ್ರಕಟವಾದ ಆತನ ಎಂಆರ್‌ಐ ವರದಿ. ಹಿಪೊಕ್ಯಾಂಪಸ್ಸಿನ ಹಿಂಭಾಗ, ಕುಗ್ಗಿದ್ದರೂ, ಇನ್ನೂ ಅಲ್ಲೇ ಇತ್ತು. ಎಂಟೋರೈನಲ್ ಕಾರ್ಟೆಕ್ಸ್ ಮಾತ್ರ ಬಹುತೇಕ ಪೂರ್ತಿ ಹೋಗಿತ್ತು. ಕೋಣೆ ಅರ್ಧ ಉಳಿದಿತ್ತು, ಅಲ್ಲಿಗೆ ಬರುವ ರಸ್ತೆ ಇರಲಿಲ್ಲ.

ಆ ರಸ್ತೆಯೂ ಒಂದಲ್ಲ, ಎರಡು. ಎಂಟೋರೈನಲ್ ಕಾರ್ಟೆಕ್ಸಿನ ಒಳಬದಿಯಿಂದ ಒಂದು, ಹೊರಬದಿಯಿಂದ ಇನ್ನೊಂದು. 1972ರಲ್ಲಿ ಹೋರ್ತ್-ಸಿಮೊನ್ಸೆನ್ ಹೊರಬದಿಯ ತಂತುಗಳು ಎಲ್ಲಿ ಇಳಿಯುತ್ತವೆಂದು ತೋರಿಸಿದರು. ಹಿಪೊಕ್ಯಾಂಪಸ್ಸಿನ ಮೊದಲ ನಿಲ್ದಾಣವಾದ ಡೆಂಟೇಟ್ ಗೈರಸ್‌ನಲ್ಲಿ ಪ್ರತಿ ಕೋಶದ ಕೊಂಬೆಗಳ ತುದಿಗೆ ಹೊರಬದಿಯ ದಾರಿ, ನಡುಭಾಗಕ್ಕೆ ಒಳಬದಿಯ ದಾರಿ ಬಂದು ಸೇರುತ್ತದೆ. ಅಲ್ಲಿ ಎರಡೂ ಒಂದೇ ಕೋಶದ ಮೇಲೆ ಕೂಡುತ್ತವೆ, ಸಿಎ3 ಎಂಬ ಭಾಗದಲ್ಲೂ ಹಾಗೆಯೇ. ಮುಂದಿನ ಸಿಎ1 ಭಾಗಕ್ಕೆ ನೇರವಾಗಿ ಬರುವ ತಂತುಗಳು ಮಾತ್ರ ಬೇರೆ ಬೇರೆ ಕಡೆ ಇಳಿಯುತ್ತವೆ: ಒಳಬದಿಯವು ಸಿಎ3ಕ್ಕೆ ಹತ್ತಿರದ ತುದಿಗೆ, ಹೊರಬದಿಯವು ದೂರದ ತುದಿಗೆ.

ಎರಡು ದಾರಿಗಳಲ್ಲಿ ಸಾಗುವ ಸರಕು ಬೇರೆ ಎಂದು ಗೊತ್ತಾದದ್ದು 2005ರಲ್ಲಿ. ಅದೇ ವರ್ಷ ನಾರ್ವೆಯ ಮೋಸರ್ ದಂಪತಿಯ ತಂಡ ಒಳಬದಿಯಲ್ಲಿ, ನೆಲವನ್ನು ಸಮ ಅಂತರದ ಚುಕ್ಕಿಗಳಾಗಿ ಅಳೆಯುವ ‘ಗ್ರಿಡ್ ಕೋಶ’ಗಳನ್ನು ಕಂಡಿತು. ಚುಕ್ಕಿ ರಂಗೋಲಿಯನ್ನು ನೆನೆದುಕೊಳ್ಳಿ. ಜೇಮ್ಸ್ ನೀರಿಮ್ ತಂಡ ಹೊರಬದಿಯ ಕೋಶಗಳಲ್ಲಿ ಅಂಥ ಸ್ಥಳದ ಗುರುತು ತೀರಾ ಮಂಕು ಎಂದು ತೋರಿಸಿತು. ಹಾಗಾದರೆ ಅವು ಹೇಳುವುದೇನು? 2011ರಲ್ಲಿ ಸಚಿನ್ ದೇಶಮುಖ್ ಮತ್ತು ನೀರಿಮ್ ಇಲಿ ಓಡಾಡುವ ಜಾಗದಲ್ಲಿ ವಸ್ತುಗಳನ್ನಿಟ್ಟು ನೋಡಿದರು. ಹೊರಬದಿಯ ಕೆಲವು ಕೋಶಗಳು ಆ ವಸ್ತುಗಳ ಬಳಿ ಮಿಡಿದವು. ಒಂದು ದಾರಿ ಮೈನು ಕ್ರಾಸುಗಳದು, ಇನ್ನೊಂದು ಟೀ ಅಂಗಡಿ ನೀಲಿ ಗೇಟಿನದು ಎಂದು ನಾನು ನನಗೆ ಅರ್ಥ ಮಾಡಿಕೊಂಡೆ. ತಜ್ಞರು ಇಷ್ಟು ಸರಳವಾಗಿ ಒಪ್ಪಲಿಕ್ಕಿಲ್ಲ. ದೇಶಮುಖ್ ಆಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ನರವಿಜ್ಞಾನ ಕೇಂದ್ರಕ್ಕೆ ಬಂದರು. ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ಯಶವಂತಪುರ ದಾಟಿದರೆ ಅದೇ ಸಿಗುತ್ತದೆ.

ಬೆಂಗಳೂರಿನ ಪಾಲು ಅದಕ್ಕೂ ಹಿಂದಿನದು, ಅಲ್ಲಿಯೂ ಡೈಕ್ರೋಮೇಟ್ ಇದೆ. ನಿಮ್ಹಾನ್ಸ್‌ನಲ್ಲಿ ಟಿ. ದೇಸಿರಾಜು, ಟಿ. ಆರ್. ರಾಜು, ಬಿ. ಎಸ್. ಶಂಕರನಾರಾಯಣ ರಾವ್ ಗಾಲ್ಜಿಯ ಬಣ್ಣವನ್ನೇ ಬಳಸಿ ಇಲಿಗಳ ಹಿಪೊಕ್ಯಾಂಪಸ್ ಕೋಶಗಳ ಕೊಂಬೆಗಳನ್ನು ಅಳೆದರು. ಸುಖದ ಅನುಭವದಿಂದ ಆ ಕೊಂಬೆಗಳು ಹೆಚ್ಚುತ್ತವೆ ಎಂಬ ಪ್ರಬಂಧ 1993ರಲ್ಲಿ ಬಂತು. 2002ರಲ್ಲಿ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ತಂಡ, ರಾವ್ ಅವರೂ ಸೇರಿ, ಒತ್ತಡದ ಕಥೆಯನ್ನು ಬಿಡಿಸಿತು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟ ಇಲಿಗಳಲ್ಲಿ ಸಿಎ3 ಕೋಶಗಳ ಕೊಂಬೆಗಳು ಮುದುಡಿದ್ದವು, ಭಯವನ್ನು ನೋಡಿಕೊಳ್ಳುವ ಅಮಿಗ್ಡಾಲದಲ್ಲಿ ಮಾತ್ರ ಕೊಂಬೆಗಳು ಹರಡಿಕೊಂಡಿದ್ದವು. ನೊಬೆಲ್ ಪಡೆದವರ ಪಟ್ಟಿ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ. ಹೊಸೂರು ರಸ್ತೆಯ ಈ ಕೆಲಸ ಕನ್ನಡದಲ್ಲಿ ಎಷ್ಟು ಜನರಿಗೆ ಗೊತ್ತು?

ಅಪ್ಪನ ವಿಷಯಕ್ಕೆ ಬಂದರೆ, 1991ರಲ್ಲಿ ಹೈಕೊ ಮತ್ತು ಎವಾ ಬ್ರಾಕ್ ದಂಪತಿ ಮೃತರ ಮಿದುಳುಗಳನ್ನು ಸಾಲಾಗಿ ಪರೀಕ್ಷಿಸಿ, ಆಲ್ಝೈಮರ್‌ನ ಗಂಟುಗಳು ಕಾರ್ಟೆಕ್ಸಿನಲ್ಲಿ ಮೊದಲು ಬೀಳುವುದು ಎಂಟೋರೈನಲ್ ಭಾಗದ ಅಂಚಿನಲ್ಲಿ ಎಂದು ತೋರಿಸಿದರು. ಅಂದರೆ ರೋಗ ಮೊದಲು ರಸ್ತೆಗೇ ಕೈಹಾಕುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಸರ್ಕಾರಿ ಸಮೀಕ್ಷೆಗಳೇ ಹೇಳಿವೆ. ಅದನ್ನೂ ಅಪ್ಪನ ಕಾಯಿಲೆಯನ್ನೂ ಗಂಟುಹಾಕಲು ನನ್ನ ಬಳಿ ಆಧಾರವಿಲ್ಲ, ಹಾಕುವುದಿಲ್ಲ.

ಮೊನ್ನೆ ಗಾಲ್ಜಿ ಬಣ್ಣದ ಒಂದು ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ ಅಪ್ಪನ ಮುಂದೆ ಹಿಡಿದೆ. ಹಳದಿಯ ಮೇಲೆ ಕಪ್ಪು ಮರಗಳು. ಇದು ಮಿದುಳು, ಡೈಕ್ರೋಮೇಟಿನಲ್ಲಿ ಅದ್ದಿದ್ದು ಎಂದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

‘ಹಳದಿ ಚೆನ್ನಾಗಿ ಕೂತಿದೆ. ಎಷ್ಟು ಹೊತ್ತು ಬಿಟ್ಟಿದ್ರಂತೆ?’

‘ದಿನಗಟ್ಟಲೆ.’

‘ದಿನಗಟ್ಟಲೆನಾ! ನಮ್ದು ಅರ್ಧ ನಿಮಿಷ ಸಾಕಾಗೋದು’ ಎಂದು ನಕ್ಕರು.