ಕಾಕನಕೋಟೆಯ ಖೆಡ್ಡಾ ಮತ್ತು ನಮ್ಮ ಹೊಲದ ಅಂಚು



ರಾಗಿ ತೆನೆಗೆ ಹಾಲು ತುಂಬುವ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ಮನೆಗೊಬ್ಬರಾದರೂ ಮನೆಯಲ್ಲಿ ಮಲಗುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ಚಾಮರಾಜನಗರ, ಹುಣಸೂರು, ಈಚೆಗೆ ಆಲೂರು, ಸಕಲೇಶಪುರ – ಈ ಸೀಮೆಯ ರೈತರಿಗೆ ಅಟ್ಟಣೆ, ಕಂಬಳಿ, ತಮಟೆ, ಬ್ಯಾಟರಿ ಇವೆಲ್ಲ ನೇಗಿಲಿನಷ್ಟೇ ಬೇಕಾದ ಸಾಮಾನು. ರಾತ್ರಿಯೆಲ್ಲಾ ಕಾದು, ಬೆಳಗಿನ ಜಾವ ಒಂದಿಷ್ಟು ರೆಪ್ಪೆ ಮುಚ್ಚಿದರೆ ಆಯಿತು, ಒಂಟಿ ಸಲಗ ಬಂದು ಮೇಯ್ದು, ಮೇಯ್ದಕ್ಕಿಂತ ಹೆಚ್ಚಾಗಿ ತುಳಿದು ಹೋಗಿರುತ್ತದೆ. ಅಂಥವರ ಮುಂದೆ ನಿಂತು ಪ್ರಾಣಿದಯೆಯ ಉಪನ್ಯಾಸ ಮಾಡುವವರಿಗೆ ಸ್ವಲ್ಪ ಸಂಕೋಚವಿರಬೇಕು. ‘ಕೋವಿ ಕೊಡಿ ಸ್ವಾಮಿ, ನಾವೇ ತೀರಿಸಿಬಿಡ್ತೀವಿ’ ಎನ್ನುವವರೂ ಇದ್ದಾರೆ. ಅವರ ಸಂಕಟ ನಿಜ. ಆದರೆ ಆ ದಾರಿಯಲ್ಲಿ ನಮ್ಮ ಹಿಂದಿನವರು ಒಮ್ಮೆ ನಡೆದು ನೋಡಿದ್ದಾರೆ. ಅದರ ಕಥೆ ತಿಳಿದಿರುವುದು ಒಳ್ಳೆಯದು.

ಆನೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಕಾಡಿಗೆಂದೇ ಬೇರೆ ಅಧಿಕಾರಿ, ಕಾವಲುಗಾರರು ಇದ್ದರು. ಆ ಕಾಡಿನ ಆನೆಯನ್ನು ಕೊಂದವನಿಗೆ ಮರಣದಂಡನೆ. ತಾನಾಗಿ ಸತ್ತ ಆನೆಯ ದಂತಗಳನ್ನು ತಂದೊಪ್ಪಿಸಿದವನಿಗೆ ಬಹುಮಾನ. ಹಿಡಿಯುವುದಕ್ಕೂ ಕಟ್ಟುಪಾಡು ಉಂಟು: ಇಪ್ಪತ್ತು ವರ್ಷದ ಪ್ರಾಯದ್ದನ್ನು ಹಿಡಿಯಬಹುದು, ಮರಿ, ರೋಗದ ಆನೆ, ಗಬ್ಬದ ಆನೆ, ಹಾಲೂಡಿಸುವ ತಾಯಿ – ಇವುಗಳನ್ನು ಮುಟ್ಟಬಾರದು. ಇದು ಬರೀ ದಯೆಯಿಂದ ಬರೆದದ್ದೆಂದು ನನಗನ್ನಿಸುವುದಿಲ್ಲ. ಅರಸನಿಗೆ ದಂಡಿಗೆ ಆನೆ ಬೇಕಿತ್ತು. ತಾಯಿಯನ್ನು ಹಿಡಿದರೆ ನಾಳೆಗೆ ಆನೆ ಎಲ್ಲಿಂದ ಬರಬೇಕು? ಬೀಜದ ಕಾಳನ್ನು ತಿನ್ನಬಾರದು ಎಂಬ ನಿಮ್ಮ ಮನೆಯ ಲೆಕ್ಕವೇ ಅದು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವ ಐದು ಬಗೆಗಳನ್ನು ಹೇಳಿದೆ. ಆವರಣದೊಳಕ್ಕೆ ಅಟ್ಟುವುದು, ಹೆಣ್ಣಾನೆಯನ್ನು ಬಿಟ್ಟು ಮರುಳುಗೊಳಿಸುವುದು, ಗುಂಡಿ ತೋಡಿ ಬೀಳಿಸುವುದು ಇವೆಲ್ಲ ಅದರಲ್ಲಿ ಸೇರಿವೆ.

ಮುಂದೆ ಕೋವಿಯ ಕಾಲ ಬಂತು. ಬ್ರಿಟಿಷರ ಆಳ್ವಿಕೆಯಲ್ಲಿ ಹುಲಿ ಚಿರತೆಗಳಿಗೆ ಇದ್ದಂತೆ ಮದರಾಸು ಪ್ರಾಂತದಲ್ಲಿ ಆನೆ ಕೊಂದವರಿಗೂ ಸರ್ಕಾರದ ಬಹುಮಾನವಿತ್ತು. ಬಹುಮಾನ ಅಂದ ಮೇಲೆ ಕೇಳಬೇಕೆ? ಬೆಳೆ ಮೇಯ್ದ ಆನೆ ಯಾವುದು, ಕಾಡಿನಲ್ಲಿ ತನ್ನಷ್ಟಕ್ಕೆ ತಾನಿದ್ದದ್ದು ಯಾವುದು ಎಂದು ಯಾರೂ ವಿಚಾರಿಸುವುದಿಲ್ಲ. ಸುಲಭವಾಗಿ ಸಿಕ್ಕಿದ್ದು ಸಾಯುತ್ತದೆ. ಆ ಸರ್ಕಾರದವರೇ ಕೊನೆಗೆ ಬುದ್ಧಿ ತಂದುಕೊಂಡು 1873ರಲ್ಲಿ ಮದರಾಸಿನಲ್ಲಿ, 1879ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವಂತೆ ಆನೆ ಸಂರಕ್ಷಣೆಯ ಕಾನೂನು ಮಾಡಿದರು. 1879ರ ಕಾನೂನಿನಲ್ಲಿ ಒಂದು ಅಂಶ ನೀವು ಗಮನಿಸತಕ್ಕದ್ದು. ಪ್ರಾಣ ಉಳಿಸಿಕೊಳ್ಳಲು, ಇಲ್ಲವೆ ಮನೆಯನ್ನೋ ಬೆಳೆಯನ್ನೋ ಹಾಳುಮಾಡುತ್ತಿರುವಾಗ ಆನೆಯನ್ನು ಕೊಲ್ಲಲು ಅದರಲ್ಲಿ ಅವಕಾಶವಿತ್ತು. ದಂತ ಮಾತ್ರ ಸರ್ಕಾರಕ್ಕೆ. ಬರಹದಲ್ಲಿ ಹಕ್ಕು ರೈತನದು, ಆದರೆ ಆನೆಗೆ ತಾಗುವಂಥ ಕೋವಿ ಎಷ್ಟು ಜನ ರೈತರ ಮನೆಯಲ್ಲಿತ್ತು?

ಇದೇ ಕಾಲಕ್ಕೆ ಮೈಸೂರಿನಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ನೀರಾವರಿ ಇಲಾಖೆಯಲ್ಲಿದ್ದ. ಕಾಲುವೆ ನೋಡಿಕೊಳ್ಳುವುದು ಅವನ ಕೆಲಸ. ಚಾಮರಾಜನಗರದ ಸುತ್ತಿನ ಗದ್ದೆಗಳಿಗೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಆನೆಗಳು ಇಳಿಯುವುದನ್ನೂ, ರೈತರು ರಾತ್ರಿಯಿಡೀ ಪಂಜು ಹಿಡಿದು ಕೂಗಾಡುವುದನ್ನೂ ಕಣ್ಣಾರೆ ಕಂಡವನು. ಕೊಲ್ಲುವ ಬದಲು ಹಿಂಡುಹಿಂಡಾಗಿ ಹಿಡಿದರೆ ಬೆಳೆಯೂ ಉಳಿಯುತ್ತದೆ, ಸರ್ಕಾರಕ್ಕೆ ಕೆಲಸದ ಆನೆಗಳೂ ಸಿಗುತ್ತವೆ ಎಂದು ಅವನು ಲೆಕ್ಕ ಹಾಕಿದ. ನೂರು ವರ್ಷದ ಹಿಂದೆ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಇದೇ ಕೆಲಸಕ್ಕೆ ಕೈಹಾಕಿ ಸೋತು, ಮುಂದೆ ಯತ್ನಿಸುವವರಿಗೆ ಶಾಪ ಹಾಕಿ ಕಲ್ಲು ನೆಡಿಸಿದ್ದನೆಂದು ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. 1873ರಲ್ಲಿ ಅವನ ಮೊದಲ ಯತ್ನವೂ ಕೈಗೂಡಲಿಲ್ಲ. 1874ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಸೀಮೆಯಲ್ಲಿ ಒಂದೇ ಸಲಕ್ಕೆ ಐವತ್ತಕ್ಕೂ ಮೇಲ್ಪಟ್ಟು ಆನೆಗಳು ಆವರಣದೊಳಗೆ ಬಿದ್ದವು. ಮಾರಿದ ಹಣದಲ್ಲಿ ಖರ್ಚು ಕಳೆದು ಲಾಭವೇ ಉಳಿಯಿತು.

ಖೆಡ್ಡಾ ಹುಟ್ಟಿದ್ದು ಹೀಗೆ, ಹೊಲದ ದೂರಿನಿಂದ. ಆಮೇಲೆ ಅದು ಬೆಳೆದದ್ದು ಬೇರೆ ಕಡೆಗೆ. ಕಬಿನಿ ಹೊಳೆಯ ದಂಡೆಯ ಕಾಕನಕೋಟೆ ಅದರ ಮುಖ್ಯ ಠಾಣ್ಯವಾಯಿತು. ಕಾಡನ್ನು ಸುತ್ತುವರಿದು, ತಮಟೆ ಬಾರಿಸಿ, ಬೆಂಕಿ ಹಾಕಿ, ದಿನಗಟ್ಟಲೆ ಹಿಂಡನ್ನು ಹೊಳೆಯ ಕಡೆಗೆ ತರುಬಿ, ಕಡೆಯ ದಿನ ನೀರಿಗಿಳಿಸಿ, ಆಚೆ ದಡದ ಮರದ ದಿಮ್ಮಿಗಳ ಆವರಣಕ್ಕೆ ಅಟ್ಟುವುದು. ಈ ಕೊನೆಯ ಘಳಿಗೆಯನ್ನು ನೋಡಲು ವೈಸರಾಯಿಗಳು, ಇಂಗ್ಲೆಂಡಿನ ರಾಜಕುಮಾರರು ಬಂದರು. ಮಹಾರಾಜರು ಅತಿಥಿಗಳಿಗೆ ಮಂಟಪ ಹಾಕಿಸಿದರು. ಕಾರಾಪುರದ ಮಾವುತನ ಮನೆಯ ಹುಡುಗ ಸಾಬು, 1937ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರವೊಂದರಲ್ಲಿ ಆನೆಯ ಮೇಲೆ ಕೂತು ಲೋಕಕ್ಕೆಲ್ಲಾ ಹೆಸರಾದದ್ದೂ ಈ ಖೆಡ್ಡಾದ ಸೀಮೆಯಿಂದಲೇ. ಬೆಳೆಯ ಮಾತು ಹಿಂದೆ ಬಿತ್ತು, ನೋಟದ ಮಾತು ಮುಂದೆ ಬಂತು.

ನೋಟ ಮುಗಿದ ಮೇಲೆ ಏನಾಗುತ್ತಿತ್ತು ಎಂಬುದನ್ನೂ ಕೇಳಿ. ಪಳಗಿದ ಆನೆಗಳ ಮೇಲೆ ಮಾವುತರು ಒಳಹೊಕ್ಕು ಕಾಡಾನೆಗಳ ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದರು. ಜೀವದ ಹಂಗು ತೊರೆದ ಕೆಲಸ. ಮುಂದೆ ನಿಂತವರು ಹೆಚ್ಚಾಗಿ ಜೇನುಕುರುಬರು, ಬೆಟ್ಟಕುರುಬರು; ಆನೆಯ ಹೆಜ್ಜೆ ನೋಡಿ ಹಿಂಡಿನ ಲೆಕ್ಕ ಹೇಳಬಲ್ಲವರು. ಹಗ್ಗ ಉಜ್ಜಿದ ಗಾಯಕ್ಕೆ ಹುಳು ಬೀಳುವುದು, ನೂಕುನುಗ್ಗಲಿನಲ್ಲಿ ಮರಿ ತುಳಿತಕ್ಕೆ ಸಿಗುವುದು, ಮೇವು ಬಿಟ್ಟು ಸೊರಗಿ ಸಾಯುವುದು ಇವೆಲ್ಲ ಖೆಡ್ಡಾದ ಜೊತೆಗೇ ಇದ್ದವು. ಉಳಿದವು ದಿಮ್ಮಿ ಎಳೆಯಲು, ದೇವಸ್ಥಾನಕ್ಕೆ, ಅರಮನೆಗೆ ಹಂಚಿಹೋಗುತ್ತಿದ್ದವು. ಆದರೂ ಒಂದು ಮಾತು ಒಪ್ಪಬೇಕು: ಗುಂಡಿಟ್ಟು ಕೊಲ್ಲುವುದಕ್ಕಿಂತ ಇದು ಮೇಲೆಂದು ಆ ಕಾಲದವರು ನಂಬಿದ್ದರು, ಆ ನಂಬಿಕೆಯಲ್ಲಿ ಸುಳ್ಳಿರಲಿಲ್ಲ.

ಖೆಡ್ಡಾದಿಂದ ರೈತನ ಹೊಲ ಉಳಿಯಿತೇ ಎಂಬುದೇ ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಎಂಬ ವಿಜ್ಞಾನಿ 1980ರ ನಂತರದ ವರ್ಷಗಳಲ್ಲಿ, ಸ್ಯಾಂಡರ್ಸನ್ ಓಡಾಡಿದ ಸೀಮೆಯಲ್ಲೇ, ಆನೆಗಳು ಹೊಲಕ್ಕೆ ಇಳಿಯುವುದನ್ನು ರಾತ್ರಿಗಟ್ಟಲೆ ಗಮನಿಸಿ ಲೆಕ್ಕವಿಟ್ಟರು. ಪ್ರಾಯಕ್ಕೆ ಬಂದ ಗಂಡಾನೆ ವರ್ಷಕ್ಕೆ ಸರಾಸರಿ ಸುಮಾರು 49 ರಾತ್ರಿ ಹೊಲಕ್ಕೆ ಬರುತ್ತದೆ. ಹಿಂಡಿನಲ್ಲಿರುವ ಹೆಣ್ಣಾನೆ, ಮರಿಗಳು ಸುಮಾರು 8 ರಾತ್ರಿ ಮಾತ್ರ. ಹೊಲದ ರಾಗಿ, ಭತ್ತಗಳಲ್ಲಿ ಕಾಡುಹುಲ್ಲಿಗಿಂತ ಪೌಷ್ಟಿಕಾಂಶ ಹೆಚ್ಚು. ಮೈ ಬೆಳೆಸಿ ಮದ ಏರಿಸಿಕೊಳ್ಳಬೇಕಾದ ಗಂಡಿಗೆ ಅದರ ಆಸೆ ಜಾಸ್ತಿ. ಮರಿ ಕಟ್ಟಿಕೊಂಡ ತಾಯಿಗೆ ಮನುಷ್ಯನ ಹತ್ತಿರ ಬರಲು ಅಂಜಿಕೆ ಜಾಸ್ತಿ.

ಈಗ ಯೋಚಿಸಿ. ಖೆಡ್ಡಾದ ಬಲೆಗೆ ಬೀಳುತ್ತಿದ್ದದ್ದು ಯಾರು? ಹಿಂಡು. ಹೊಲ ಮೇಯುವ ಒಂಟಿ ಸಲಗ ಸಾಮಾನ್ಯವಾಗಿ ಹಿಂಡಿನಿಂದ ದೂರವೇ ಇರುವಂಥದು. ಹೆಣ್ಣಾನೆ ಇಪ್ಪತ್ತೆರಡು ತಿಂಗಳು ಹೊತ್ತು ಒಂದು ಮರಿ ಈಯುತ್ತದೆ, ಇನ್ನೊಂದಕ್ಕೆ ನಾಲ್ಕೈದು ವರ್ಷ ಬೇಕು. ಅಂಥ ಸಂಸಾರವನ್ನೇ ಹಿಡಿದು ಹಂಚಿದರು, ದಾಳಿಕೋರ ಕಾಡಿನಲ್ಲೇ ಉಳಿದ. ಕೌಟಿಲ್ಯ ಮುಟ್ಟಬೇಡ ಎಂದದ್ದನ್ನೇ ಮುಟ್ಟಿದಂತಾಯಿತು. ಅನಂತರದ ಕಾಲದಲ್ಲಿ ದಂತಚೋರರು ಇದರ ತಿರುಗುಮುರುಗು ಮಾಡಿದರು: ದಂತವಿರುವ ಗಂಡುಗಳನ್ನೇ ಹುಡುಕಿ ಕೊಂದು, ದಕ್ಷಿಣದ ಎಷ್ಟೋ ಕಾಡುಗಳಲ್ಲಿ ಹೆಣ್ಣಾನೆಗೆ ಜೊತೆಯೇ ಸಾಲದಂತೆ ಮಾಡಿಟ್ಟರು.

ಸ್ಯಾಂಡರ್ಸನ್ ಬೇಟೆಗಾರನೂ ಹೌದು, ಹುಲಿಗಳನ್ನೂ ಹೊಡೆದವನು. ಹುಲಿಯಿಂದ ರೈತನಿಗೆ ಉಪಕಾರವೂ ಉಂಟು, ಬೆಳೆ ತಿನ್ನುವ ಹಂದಿ ಜಿಂಕೆಗಳನ್ನು ಹತೋಟಿಯಲ್ಲಿಡುವುದು ಅದೇ ಎಂದು 1878ರಲ್ಲಿ ಬಂದ ಪುಸ್ತಕದಲ್ಲಿ ಅವನೇ ಬರೆದ. ಆಗ ಅದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. ಹುಲಿಯ ತಲೆಗೆ ಹಣ ಕೊಡುವುದು ಎಷ್ಟೋ ದಶಕ ನಡೆದೇ ಇತ್ತು.

ಕಾಕನಕೋಟೆಯ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾದ ಜಾಗವೇ ನೀರಿನಡಿ ಹೋಯಿತು. 1977ರಲ್ಲಿ ಆನೆ ಕಾಯಿದೆಯ ಮೊದಲನೆಯ ಪಟ್ಟಿಗೆ ಏರಿತು. ಅಲ್ಲಿಂದ ಮುಂದೆ, ಮನುಷ್ಯರ ಪ್ರಾಣಕ್ಕೆ ಅಪಾಯವಾದಾಗ ಅಥವಾ ಗುಣವಾಗದ ರೋಗ ಬಂದಾಗ, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆಯಾದರೆ ಆನೆಯ ಮೇಲೆ ಕೈಮಾಡಬಹುದು. ಬೆಳೆ ಹಾಳಾಯಿತು ಎಂಬುದು ಕೊಲ್ಲಲು ಕಾರಣವಾಗದು. 1879ರಲ್ಲಿ ಇದ್ದ ಹಕ್ಕು ಹೋಯಿತು. ಅದರ ಬದಲಿಗೆ ಬಂದದ್ದು ಪರಿಹಾರದ ಅರ್ಜಿ.

ಈ ಬದಲಾವಣೆಯ ಫಲವನ್ನು ಅಲ್ಲಗಳೆಯಲಾಗದು. 2023ರ ಎಣಿಕೆಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಅಂದಾಜು 6,395 ಆನೆಗಳು. ಇದರ ಬೆಲೆ ಕೊಟ್ಟವರು ಯಾರೆಂದು ಮಾತ್ರ ನಾವು ಮರೆಯುತ್ತೇವೆ. ನಾಗರಹೊಳೆಯ ಕಾಡಿನಿಂದ ಎದ್ದು ಹೋಗಬೇಕಾದವರಲ್ಲಿ, ಖೆಡ್ಡಾದಲ್ಲಿ ಆನೆಯ ಮುಂದೆ ನಿಂತಿದ್ದ ಅದೇ ಜೇನುಕುರುಬರ ಕುಟುಂಬಗಳಿವೆ. ಇನ್ನು ಕಾಡಂಚಿನ ರೈತ. ನಾಡಿಗೆಲ್ಲ ಆನೆ ಬೇಕು. ಅದರ ಮೇವಿನ ಒಂದು ಪಾಲನ್ನು ಎರಡೆಕರೆಯವನೊಬ್ಬ ತನ್ನ ಕಣಜದಿಂದ ಕೊಡಬೇಕು. ಇದು ನ್ಯಾಯವಲ್ಲ. ಪರಿಹಾರದ ಹಣ ತಡವಾಗದೆ, ನಷ್ಟಕ್ಕೆ ತಕ್ಕಷ್ಟು ಬರಬೇಕೆಂದು ಕೇಳುವುದರಲ್ಲಿ ರೈತ ಭಿಕ್ಷೆ ಬೇಡುತ್ತಿಲ್ಲ, ಮಾರಿದ ಮೇವಿಗೆ ಬಾಕಿ ಕೇಳುತ್ತಿದ್ದಾನೆ.

ಅದಕ್ಕೆಂದು ಬೇಲಿಗೆ ನೇರವಾಗಿ ಕರೆಂಟು ಹರಿಸುವುದು ಮಾತ್ರ ಬೇಡಿ. ಕಾನೂನಿನ ಮಾತು ಒಂದು ಕಡೆಗಿರಲಿ, ಆ ತಂತಿಗೆ ಕಾಡಾನೆ, ನಿಮ್ಮ ಎತ್ತು, ಪಕ್ಕದ ಮನೆಯ ಹುಡುಗ ಎಂಬ ಭೇದ ಗೊತ್ತಿಲ್ಲ. ಸೋಲಾರ್ ಬೇಲಿಯಲ್ಲಿ ಬಿಟ್ಟುಬಿಟ್ಟು ಹರಿಯುವ ಪೆಟ್ಟು ಹೆದರಿಸುತ್ತದೆ, ಕೊಲ್ಲುವುದಿಲ್ಲ. ಆದರೆ ಹಂಬು ಸವರಿ, ಬ್ಯಾಟರಿ ನೋಡಿಕೊಳ್ಳದಿದ್ದರೆ ಅದು ಬರೀ ತಂತಿ. ಆನೆ ಕಂದಕವೂ ಅಷ್ಟೆ: ಮಳೆಗೆ ಮಣ್ಣು ಕುಸಿದ ಒಂದು ಜಾಗ ಸಾಕು, ಉಳಿದ ಮೂರು ಮೈಲಿ ತೋಡಿದ್ದು ವ್ಯರ್ಥ. ಆನೆ ಅಂಥ ಜಾಗವನ್ನು ಇಂಜಿನಿಯರಿಗಿಂತ ಬೇಗ ಕಂಡುಹಿಡಿಯುತ್ತದೆ.

ಹಿಡಿಯುವ ಕೆಲಸ ಈಗಲೂ ಪೂರ್ತಿ ನಿಂತಿಲ್ಲ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಡೆ ಕಾಫಿ ತೋಟ, ಗದ್ದೆಗಳ ನಡುವೆಯೇ ಆನೆಗಳು ನೆಲೆನಿಂತವು. ಹೈಕೋರ್ಟಿನ ಆದೇಶದಂತೆ ಸುಕುಮಾರ್ ಅವರ ಮುಂದಾಳುತನದ ತಂಡವೊಂದು 2012ರಲ್ಲಿ ವರದಿ ಕೊಟ್ಟಿತು. ಆನೆ ಇರಲೇಬೇಕಾದ ಕಾಡು, ಆನೆಯೂ ಮನುಷ್ಯನೂ ಹೊಂದಿಕೊಂಡಿರಬೇಕಾದ ಜಾಗ, ಆನೆಯನ್ನು ತೆಗೆಯಲೇಬೇಕಾದ ಜಾಗ ಎಂದು ನೆಲವನ್ನು ವಿಂಗಡಿಸುವ ಸಲಹೆ ಅದರಲ್ಲಿತ್ತು. ಆ ಬಳಿಕ ಆಲೂರಿನ ಸುತ್ತ ಹಲವು ಆನೆಗಳನ್ನು ಅರಿವಳಿಕೆ ಚುಚ್ಚಿ ಹಿಡಿದರು. ಇದು ನನಗೆ ಖೆಡ್ಡಾಕ್ಕಿಂತ ನ್ಯಾಯವಾಗಿ ಕಾಣುತ್ತದೆ. ಏಕೆಂದರೆ ಯಾವ ಆನೆ, ಏತಕ್ಕೆ ಎಂದು ಮೊದಲು ಕೇಳುತ್ತಾರೆ. ಹಾಗೆಂದು ಸುಲಭವೇನೂ ಅಲ್ಲ.

ಅರ್ಜುನನ ಹೆಸರನ್ನು ನೀವು ಕೇಳಿದ್ದೀರಿ. 1968ರ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕ ಮರಿ. ಬೆಳೆದು 2012ರಿಂದ 2019ರ ತನಕ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋಗಿ, ಮದವೇರಿದ ಸಲಗವೊಂದರ ಕೊಂಬಿಗೆ ಸಿಕ್ಕಿ ಸತ್ತ. ಅರವತ್ತು ದಾಟಿದ ಆನೆಯನ್ನು ಅಂಥ ಕೆಲಸಕ್ಕೆ ಏಕೆ ಕಳಿಸಿದರೆಂದು ನಾಡೆಲ್ಲ ಕೇಳಿತು. ಸತ್ತ ಜಾಗದಲ್ಲೇ ಮಣ್ಣು ಮಾಡಿದರು. ಕಾಡಾನೆಯ ಕಾಟದಿಂದ ಬೇಸತ್ತಿದ್ದ ಆ ಸುತ್ತಿನ ಹಳ್ಳಿಗಳ ಜನವೂ ಅಲ್ಲಿ ಬಂದು ಅತ್ತರು.

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ, ಹಳೆಯ ಖೆಡ್ಡಾದ ಸೀಮೆಯ ದಂಡೆಗಳಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಕಾಡುಗಳಿಂದ ಹಿಂಡುಹಿಂಡಾಗಿ ಆನೆಗಳು ಅಲ್ಲಿಗೆ ಬರುತ್ತವೆ. ಈಗ ಅವನ್ನು ನೋಡಲು ಜನ ದುಡ್ಡು ಕೊಟ್ಟು ದೋಣಿಯಲ್ಲಿ ಹೋಗುತ್ತಾರೆ. ಮುಂಗಾರು ಬಿದ್ದು ನೀರು ಏರಿದ ಮೇಲೆ ದೋಣಿಯವರು ಊರಿಗೆ ಹಿಂದಿರುಗುತ್ತಾರೆ, ಆನೆಗಳು ಕಾಡಿಗೆ ಚದುರುತ್ತವೆ. ಇತ್ತ ಕಾಡಂಚಿನಲ್ಲಿ ರಾಗಿ ಬಿತ್ತನೆ ಶುರುವಾಗುತ್ತದೆ, ಅಟ್ಟಣೆಗೆ ಹೊಸ ಗಳ ಕಟ್ಟುತ್ತಾರೆ.