ಪ್ರಾಣಿಪ್ರಯೋಗಕ್ಕೆ ಬದಲಿ ವಿಧಾನಗಳು: ಔಷಧ ಸಂಶೋಧನೆಯಲ್ಲಿ ಬದಲಾದದ್ದು, ಉಳಿದದ್ದು

ಹೂಡಿಯಿಂದ ವೈಟ್‌ಫೀಲ್ಡ್‌ವರೆಗಿನ ಪ್ರದೇಶವನ್ನು ನಾವೆಲ್ಲ ಸಾಫ್ಟ್‌ವೇರ್ ಪಟ್ಟಿಯೆಂದೇ ಗುರುತಿಸುತ್ತೇವೆ. ಆದರೆ ವೈಟ್‌ಫೀಲ್ಡ್ ಮುಖ್ಯರಸ್ತೆಯಲ್ಲಿ ಯೂನಿಲಿವರ್ ಸಂಶೋಧನಾ ಕೇಂದ್ರವಿದೆ. ಅತ್ತ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಕಾನ್ ಇದೆ, ಪೀಣ್ಯದ ಕಡೆ ಔಷಧ ಸಂಶೋಧನೆಯ ಪ್ರಯೋಗಾಲಯಗಳಿವೆ. ಬಿ.ಫಾರ್ಮಾ, ಬಯೋಟೆಕ್ನಾಲಜಿ ಓದಿದ ನಮ್ಮ ಸಮಾಜದ ಮಕ್ಕಳು ಇಂತಹ ಕಡೆ ಕೆಲಸಕ್ಕೆ ಸೇರುವಾಗ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ. ಅಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುತ್ತಾರೆಯೇ ಎಂಬುದು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ನಾವು ದಿನವೂ ನುಂಗುವ ಬಿಪಿ, ಸಕ್ಕರೆ ಮಾತ್ರೆಗಳ ಕತೆ ಏನು? ಈ ಎರಡಕ್ಕೂ ಉತ್ತರಿಸಲು ಬೇಕಾದ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ.

ಪ್ರಶ್ನೆ ನಮಗೆ ಹೊಸದಲ್ಲ. ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದನು. ಮದ್ಯ ಮಾಂಸಗಳಿಲ್ಲದೆ ಚಿಕಿತ್ಸೆ ಸಾಧ್ಯ ಎಂಬುದೇ ಅದರ ನೆಲೆ. ಅಂದಿನ ಪ್ರಶ್ನೆ ಔಷಧದೊಳಗೆ ಏನಿದೆ ಎಂಬುದಾಗಿತ್ತು. ಇಂದು ಅದರ ಜೊತೆಗೆ ಔಷಧವನ್ನು ಯಾರ ಮೇಲೆ ಪರೀಕ್ಷಿಸಿದರು ಎಂಬುದೂ ಸೇರಿದೆ.

ಕಾನೂನು ಏನು ಹೇಳುತ್ತದೆ

ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದಿತು. ಹೊಸ ಜ್ಞಾನಕ್ಕಾಗಿ, ರೋಗನಿವಾರಣೆಗಾಗಿ ನಡೆಸುವ ಪ್ರಯೋಗಗಳನ್ನು ಅದರ 14ನೆಯ ಕಲಂ ಅಪರಾಧವೆಂದು ಎಣಿಸುವುದಿಲ್ಲ. ಆದರೆ 17ನೆಯ ಕಲಂ, ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕು ಎನ್ನುತ್ತದೆ. ಅದೇ ಕಲಂ ದೊಡ್ಡ ಪ್ರಾಣಿಯ ಬದಲು ಇಲಿ, ಮೊಲ, ಕಪ್ಪೆಗಳಲ್ಲಿ ಕೆಲಸ ಆಗುವುದಾದರೆ ಅವನ್ನೇ ಬಳಸಿ ಎಂದೂ ಹೇಳುತ್ತದೆ. ಇಲಿಯೂ ಪಂಚೇಂದ್ರಿಯ ಜೀವಿಯೇ ಎಂದು ನಂಬುವ ನಮಗೆ ಈ ಎರಡನೆಯ ಮಾತಿನಿಂದ ಸಮಾಧಾನವಾಗುವುದು ಕಷ್ಟ.

ಮೊದಲು ಸಿಪಿಸಿಎಸ್‌ಇಎ, ಈಗ ಸಿಸಿಎಸ್‌ಇಎ ಎಂದು ಕರೆಯುವ ಕೇಂದ್ರ ಸಮಿತಿ ಈ ಪ್ರಯೋಗಗಳ ಮೇಲ್ವಿಚಾರಣೆ ನಡೆಸುತ್ತದೆ. 1998ರ ನಿಯಮಗಳ ಪ್ರಕಾರ ಪ್ರಾಣಿ ಬಳಸುವ ಪ್ರತಿ ಸಂಸ್ಥೆಯೂ ನೋಂದಾಯಿಸಿಕೊಳ್ಳಬೇಕು.

ಸೌಂದರ್ಯವರ್ಧಕಗಳ ವಿಷಯ ಇತ್ಯರ್ಥವಾಗಿದೆ. 2014ರ ಮೇ ತಿಂಗಳಲ್ಲಿ ದೇಶದೊಳಗೆ ಅವುಗಳ ಪ್ರಾಣಿಪರೀಕ್ಷೆಯನ್ನೂ, ಅದೇ ವರ್ಷದ ನವೆಂಬರ್‌ನಿಂದ ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ನಿಷೇಧಿಸಲಾಯಿತು. ಕಾಲೇಜುಗಳ ಪ್ರಾಣಿಶಾಸ್ತ್ರ ತರಗತಿಗಳ ಅಂಗಚ್ಛೇದನವನ್ನು ಯುಜಿಸಿ 2011ರಿಂದ ಹಂತಹಂತವಾಗಿ ಕಡಿಮೆ ಮಾಡಿಸಿ 2014ರಲ್ಲಿ ನಿಲ್ಲಿಸಿತು. ಫಾರ್ಮಕಾಲಜಿ ಕಲಿಸಲು ಪುದುಚೇರಿಯ ಜಿಪ್‌ಮರ್‌ನಲ್ಲಿ ತಯಾರಾದ ಎಕ್ಸ್‌ಫಾರ್ಮ್‌ನಂತಹ ಕಂಪ್ಯೂಟರ್ ಪಾಠಗಳಿವೆ.

ಔಷಧದ ವಿಷಯದಲ್ಲಿ ಮುಖ್ಯ ತಿರುವು 2023ರ ಮಾರ್ಚ್‌ನಲ್ಲಿ ಬಂತು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ಕೇಂದ್ರ ಸರ್ಕಾರ ತಿದ್ದುಪಡಿ ತಂದು, ಮಾನವ ಜೀವಕೋಶಗಳ ಪರೀಕ್ಷೆ, ಆರ್ಗನಾಯ್ಡ್, ಅಂಗಚಿಪ್, ಕಂಪ್ಯೂಟರ್ ಮಾದರಿಗಳಿಂದ ಬಂದ ಮಾಹಿತಿಯನ್ನೂ ಒಪ್ಪಬಹುದು ಎಂದಿತು. ಅಮೆರಿಕದಲ್ಲಿ ಇಂಥದೇ ಕಾನೂನಿಗೆ 2022ರ ಡಿಸೆಂಬರ್‌ನಲ್ಲಿ ಸಹಿ ಬಿದ್ದಿತ್ತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ತಿದ್ದುಪಡಿ ಬಾಗಿಲು ತೆರೆದಿದೆ, ಆದರೆ ಪ್ರಾಣಿಪ್ರಯೋಗವನ್ನು ನಿಷೇಧಿಸಿಲ್ಲ. ವಾಟ್ಸಾಪ್‌ನಲ್ಲಿ 'ಭಾರತದಲ್ಲಿ ಔಷಧಕ್ಕೆ ಪ್ರಾಣಿಪರೀಕ್ಷೆ ಬಂದ್' ಎಂಬ ಸಂದೇಶ ಬಂದರೆ ನಂಬಬೇಡಿ.

ಮಾನವಾಧಾರಿತ ವಿಧಾನ ಎಂದರೆ

ಕರುಣೆಯೊಂದೇ ಈ ಬದಲಾವಣೆಗೆ ಕಾರಣವಲ್ಲ. ಪ್ರಾಣಿಗಳಲ್ಲಿ ಗೆದ್ದು ಮನುಷ್ಯರ ಪರೀಕ್ಷೆಗೆ ಬರುವ ಔಷಧಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಅಲ್ಲಿ ಸೋಲುತ್ತವೆ. ಸೋಲಿಗೆ ಬೇರೆ ಕಾರಣಗಳೂ ಇವೆ, ಆದರೆ ಇಲಿಯ ದೇಹ ಮನುಷ್ಯನ ದೇಹವಲ್ಲ ಎಂಬುದು ಅವುಗಳಲ್ಲಿ ದೊಡ್ಡದು. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಔಷಧವನ್ನು, ಮಂಗಗಳಿಗೆ ಸುರಕ್ಷಿತವೆಂದು ಕಂಡ ಪ್ರಮಾಣದ 500ರಲ್ಲಿ ಒಂದು ಭಾಗದಷ್ಟು ಮಾತ್ರ, ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಟ್ಟರು. ಆರು ಮಂದಿಯೂ ತೀವ್ರ ನಿಗಾ ಘಟಕ ಸೇರಿದರು.

ಹೊಸ ವಿಧಾನಗಳು ಆರಂಭದಿಂದಲೇ ಮಾನವ ಜೀವಕೋಶವನ್ನು ಹಿಡಿಯುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚರ್ಮದ ಕೋಶಗಳಿಂದ ಬೆಳೆಸಿದ ಚರ್ಮದ ಪದರದ ಮೇಲೆ, ಹಿಂದೆ ಮೊಲದ ಬೆನ್ನಿಗೆ ಹಚ್ಚುತ್ತಿದ್ದ ರಾಸಾಯನಿಕವನ್ನು ಪರೀಕ್ಷಿಸುತ್ತಾರೆ. ಆರ್ಗನಾಯ್ಡ್ ಎಂದರೆ ಕಾಂಡಕೋಶಗಳಿಂದ ಬೆಳೆಸಿದ, ಸಾಸಿವೆ ಕಾಳಿನಷ್ಟೋ ಅದಕ್ಕಿಂತ ಚಿಕ್ಕದೋ ಆದ ಅಂಗದ ಮಾದರಿ. ಅಂಗಚಿಪ್ ಎಂದರೆ ಕೂದಲೆಳೆಯಂತಹ ಕಾಲುವೆಗಳಿರುವ ಪಾರದರ್ಶಕ ತುಂಡು. ಕಾಲುವೆಯಲ್ಲಿ ಮಾನವ ಕೋಶಗಳು ಕೂತಿರುತ್ತವೆ, ಅವುಗಳ ಮೇಲೆ ದ್ರವ ರಕ್ತದಂತೆ ಹರಿಯುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಕೃತ್ತಿನ ಚಿಪ್ಪನ್ನು 27 ಔಷಧಗಳ ಮೇಲೆ ಪರೀಕ್ಷಿಸಿದಾಗ, ಮನುಷ್ಯರ ಯಕೃತ್ತಿಗೆ ಹಾನಿ ಮಾಡುವವುಗಳಲ್ಲಿ ಶೇ. 87ರಷ್ಟನ್ನು ಅದು ಗುರುತಿಸಿತು. ನಿರಪಾಯಕಾರಿ ಔಷಧ ಒಂದನ್ನೂ ಅದು ತಪ್ಪಾಗಿ ದೂರಲಿಲ್ಲ.

ಬೆಂಗಳೂರಿನಲ್ಲೂ ಈ ದಾರಿಯ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು 2011ರಲ್ಲಿ ಕಟ್ಟಿದ ಪಂಡೋರಂ ಕಂಪನಿ, 2015ರಲ್ಲಿ ಮುದ್ರಣಯಂತ್ರದಿಂದ ಯಕೃತ್ತಿನ ಅಂಗಾಂಶ ತಯಾರಿಸಿರುವುದಾಗಿ ಪ್ರಕಟಿಸಿತು. ಔಷಧ ಪರೀಕ್ಷೆಗೆ ಅದನ್ನು ಬಳಸುವುದು ಆಗ ಹೇಳಿದ ಉದ್ದೇಶಗಳಲ್ಲಿ ಒಂದು. 2024ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ರಚಿತ್ ಅಗರ್‌ವಾಲ್ ಅವರ ತಂಡ ಕ್ಷಯರೋಗದ ಅಧ್ಯಯನಕ್ಕೆ ಶ್ವಾಸಕೋಶವನ್ನು ಹೋಲುವ ಮೆತ್ತನೆಯ ಜೆಲ್ ಒಂದನ್ನು ರೂಪಿಸಿತು. ಅದರಲ್ಲಿ ಮಾನವ ಪ್ರತಿರಕ್ಷಣಾ ಕೋಶಗಳು ಸುಮಾರು ಮೂರು ವಾರ ಬದುಕಿದವು. ಹಳೆಯ ಬಗೆಯ ಬಟ್ಟಲಿನಲ್ಲಿ ಅವು ನಾಲ್ಕರಿಂದ ಏಳು ದಿನ ಬದುಕಿದರೆ ಹೆಚ್ಚು. ಕ್ಷಯಕ್ಕೆ ನಿತ್ಯ ಕೊಡುವ ಪೈರಜಿನಮೈಡ್ ಮಾತ್ರೆಯ ಔಷಧ ರೋಗಿಯ ದೇಹದಲ್ಲಿರುವಂಥ ಸಣ್ಣ ಪ್ರಮಾಣದಲ್ಲೇ ಕೆಲಸ ಮಾಡಿದ್ದು ಈ ಜೆಲ್ಲಿನಲ್ಲಿ ಕಂಡಿತು.

'ಪ್ರಾಣಿಮುಕ್ತ' ಎಂಬ ಮಾತಿನ ಒಳಗೆ

ನಮ್ಮ ಓದುಗರಿಗೆ ಹೆಚ್ಚು ಮುಖ್ಯವಾದ ಭಾಗ ಇದು. ಪ್ರಯೋಗಾಲಯದಲ್ಲಿ ಪಂಜರ ಇಲ್ಲ ಎಂದ ಮಾತ್ರಕ್ಕೆ ಹಿಂಸೆ ಇಲ್ಲ ಎಂದಾಗುವುದಿಲ್ಲ.

ಜೀವಕೋಶ ಬೆಳೆಸುವ ದ್ರವಕ್ಕೆ ದಶಕಗಳಿಂದ ಸೇರಿಸುತ್ತಿರುವ ವಸ್ತು ಭ್ರೂಣ ಕರುವಿನ ಸೀರಂ. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯ ಕರುವಿನ ಹೃದಯದಿಂದ ತೆಗೆದ ರಕ್ತವೇ ಅದರ ಮೂಲ. ಆರ್ಗನಾಯ್ಡ್‌ಗೆ ಆಧಾರವಾಗಿ ಬಳಸುವ ಮ್ಯಾಟ್ರಿಜೆಲ್ ಬರುವುದು ಇಲಿಯ ಗಡ್ಡೆಯಿಂದ. ಕೊಲಾಜನ್ ಸಾಮಾನ್ಯವಾಗಿ ಇಲಿಯ ಬಾಲದಿಂದ ಅಥವಾ ದನದ ಚರ್ಮದಿಂದ. ಹೀಗಾಗಿ 'ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ' ಮತ್ತು 'ಪ್ರಾಣಿಜನ್ಯ ವಸ್ತು ಬಳಸಿಲ್ಲ' ಇವು ಎರಡು ಬೇರೆ ಮಾತುಗಳು. ಕ್ಯಾಪ್ಸೂಲಿನ ಜೆಲಟಿನ್ ಇನ್ನೂ ಮೂರನೆಯ ವಿಷಯ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಇಂಜೆಕ್ಷನ್‌ಗಳ ಉದಾಹರಣೆಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಇಂಜೆಕ್ಷನ್ ದ್ರವದಲ್ಲಿ ಜ್ವರ ತರಿಸುವ ಕಲ್ಮಶವಿದೆಯೇ ಎಂದು ನೋಡಲು ಮೊಲಗಳಿಗೆ ಚುಚ್ಚಿ ಅವುಗಳ ಮೈಬಿಸಿ ಅಳೆಯುತ್ತಿದ್ದರು. 2018ರ ಇಂಡಿಯನ್ ಫಾರ್ಮಕೋಪಿಯಾ ಇದರ ಬದಲು ಗಾಜಿನ ನಳಿಕೆಯ ಪರೀಕ್ಷೆಗೆ ದಾರಿ ಮಾಡಿತು. ಮೊಲ ಉಳಿಯಿತು. ಆದರೆ ಆ ಪರೀಕ್ಷೆಗೆ ಬೇಕಾದ ದ್ರವ್ಯ ಬರುವುದು ಕುದುರೆಲಾಳದ ಏಡಿಯ ನೀಲಿ ರಕ್ತದಿಂದ. ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ ಅವನ್ನು ಹಿಡಿದು, ರಕ್ತ ತೆಗೆದು ಮತ್ತೆ ಸಮುದ್ರಕ್ಕೆ ಬಿಡುತ್ತಾರೆ. ಅವುಗಳಲ್ಲಿ ಒಂದು ಪಾಲು ಸಾಯುತ್ತದೆ. ಅದಕ್ಕೆ ಎಷ್ಟು ಇಂದ್ರಿಯ ಎಂಬ ಲೆಕ್ಕ ಏನೇ ಇರಲಿ, ತ್ರಸಜೀವಿ ಎಂಬುದರಲ್ಲಿ ಸಂಶಯವಿಲ್ಲ.

ಇದಕ್ಕೂ ಪರಿಹಾರ ಬಂದಿದೆ. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದ ವಿಧಾನದಿಂದ ಏಡಿಯ ರಕ್ತದ ಕೆಲಸ ಮಾಡುವ ಪ್ರೋಟೀನನ್ನು ಪ್ರಯೋಗಾಲಯದಲ್ಲೇ ತಯಾರಿಸಬಹುದು. ಯುರೋಪಿನ ಔಷಧಸಂಹಿತೆ ಇದನ್ನು 2021ರಿಂದ ಒಪ್ಪಿದೆ. ಇನ್ನೊಂದು ಪರೀಕ್ಷೆಗೆ ಮನುಷ್ಯರ ರಕ್ತಕೋಶಗಳೇ ಸಾಕು. ಸೀರಂ ಬದಲಿಗೆ ಪೂರ್ಣ ರಾಸಾಯನಿಕ ದ್ರವಗಳಿವೆ, ರಕ್ತನಿಧಿಗಳಲ್ಲಿ ಅವಧಿ ಮೀರಿದ ಪ್ಲೇಟ್‌ಲೆಟ್‌ಗಳಿಂದ ಮಾಡಿದ ಪೋಷಕದ್ರವವೂ ಇದೆ. ಅವುಗಳ ಬೆಲೆ ಮತ್ತು ಹಳೆಯ ಅಭ್ಯಾಸ, ಎರಡೂ ಅಡ್ಡಿಯಾಗಿವೆ. ಅಭ್ಯಾಸದ ಪಾಲೇ ಹೆಚ್ಚೆಂದು ನಮ್ಮ ಅನಿಸಿಕೆ.

ಇನ್ನೂ ಬದಲಿ ಸಿಗದ ಕ್ಷೇತ್ರಗಳಿವೆ. ಗರ್ಭದ ಮೇಲಿನ ಪರಿಣಾಮ, ವರ್ಷಗಟ್ಟಲೆ ಸೇವಿಸುವ ಔಷಧದ ಪರಿಣಾಮ, ಹಲವು ಅಂಗಗಳು ಒಟ್ಟಿಗೆ ತೋರುವ ಪ್ರತಿಕ್ರಿಯೆ, ಇವನ್ನು ಚಿಪ್ಪು ಪೂರ್ಣವಾಗಿ ಹೇಳಲಾರದು.

ನಮ್ಮ ಕುಟುಂಬಗಳಿಗೆ

ವೈದ್ಯರು ಬರೆದ ಔಷಧವನ್ನು ಈ ಕಾರಣಕ್ಕೆ ಯಾರೂ ನಿಲ್ಲಿಸಬಾರದು. ಕೃತ, ಕಾರಿತ, ಅನುಮೋದನೆಗಳಲ್ಲಿ ರೋಗಿಯ ಪಾಲೆಷ್ಟು ಎಂಬುದನ್ನು ತ್ಯಾಗಿಗಳಲ್ಲಿ, ಪಂಡಿತರಲ್ಲಿ ಕೇಳಿ ತಿಳಿಯಬೇಕು. ಇಲ್ಲಿ ತೀರ್ಪು ಕೊಡುವುದು ನಮ್ಮ ಅಧಿಕಾರವಲ್ಲ.

ಕೆಲಸಕ್ಕೆ ಸೇರುವ ಯುವಕ ಯುವತಿಯರು ಸಂದರ್ಶನದಲ್ಲೇ ಕೇಳಬಹುದು: ನನ್ನ ವಿಭಾಗದಲ್ಲಿ ಜೀವಂತ ಪ್ರಾಣಿಯ ಕೆಲಸವಿದೆಯೇ, ಕೋಶ ಬೆಳೆಸಲು ಯಾವ ಸೀರಂ ಬಳಸುತ್ತೀರಿ, ಸೀರಂ ಇಲ್ಲದ ದ್ರವಕ್ಕೆ ಅವಕಾಶವಿದೆಯೇ. ಇವು ಅಸಭ್ಯ ಪ್ರಶ್ನೆಗಳಲ್ಲ, ವಿಷಯ ಬಲ್ಲವರ ಪ್ರಶ್ನೆಗಳು.

ಪ್ರಾಣಿ ಬಳಸುವ ಪ್ರತಿ ಸಂಸ್ಥೆಯ ನೈತಿಕ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸದಸ್ಯ ಇರಬೇಕೆಂಬ ನಿಯಮವಿದೆ. ನಮ್ಮ ಸಮಾಜದ ನಿವೃತ್ತ ಶಿಕ್ಷಕರು, ವಕೀಲರು ಈ ಜವಾಬ್ದಾರಿಗೆ ಮುಂದಾಗಬಹುದು. ಬದಲಿ ವಿಧಾನ ಇದ್ದೂ ಏಕೆ ಬಳಸುತ್ತಿಲ್ಲ ಎಂದು ಮೇಜಿನ ಆಚೆ ಕೂತು ಕೇಳುವ ಅವಕಾಶ ಅದು. ಬಳಕೆ ಮುಗಿದ ಪ್ರಾಣಿಗಳ ಪುನರ್ವಸತಿಯೂ ಅಲ್ಲಿ ಚರ್ಚೆಗೆ ಬರುತ್ತದೆ. 2016ರಲ್ಲಿ ಬೆಂಗಳೂರಿನ ಕ್ಯೂಪಾ ಸಂಸ್ಥೆ ಪ್ರಯೋಗಾಲಯದಿಂದ ಬಿಡುಗಡೆಯಾದ 150ಕ್ಕೂ ಹೆಚ್ಚು ಬೀಗಲ್ ನಾಯಿಗಳಿಗೆ ಮನೆ ಹುಡುಕುವ ಕೆಲಸ ಕೈಗೊಂಡಿತ್ತು.

ಮಾನವಾಧಾರಿತ ಸಂಶೋಧನೆಗೆ ಬೇಕಾದದ್ದು ಮಾನವ ಅಂಗಾಂಶ. ನೇತ್ರದಾನ, ರಕ್ತದಾನ ನಮ್ಮ ಮನೆಗಳಿಗೆ ಪರಿಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳಿನ ಬ್ಯಾಂಕ್ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಪಾರ್ಕಿನ್‌ಸನ್, ಮರೆವಿನ ಕಾಯಿಲೆಗಳ ಅಧ್ಯಯನಕ್ಕೆ ಅಲ್ಲಿಯ ಅಂಗಾಂಶ ಬಳಕೆಯಾಗುತ್ತದೆ. ಮರಣದ ನಂತರ ಕುಟುಂಬದವರ ಒಪ್ಪಿಗೆ ಬೇಕು, ಸಮಯವೂ ಕಡಿಮೆ ಇರುತ್ತದೆ. ಇಚ್ಛೆ ಇರುವವರು ಬದುಕಿರುವಾಗಲೇ ಮನೆಯವರಿಗೆ ತಿಳಿಸಿಡುವುದು ಒಳ್ಳೆಯದು.