ಅರಮನೆಯ ಯೋಗಶಾಲೆಯಿಂದ ಮನೆಯ ಜಗಲಿಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ನಡುವಯಸ್ಸನ್ನು ದಾಟುತ್ತಿದ್ದಾರೆ. ದೂರವಾಣಿಯಲ್ಲಿ ಮಾತಿಗೆ ಸಿಕ್ಕಾಗ ಅವರು ಹೇಳುವುದು ಹೆಚ್ಚುಕಡಿಮೆ ಒಂದೇ: "ಮಾಷ್ಟ್ರೇ, ಬೆನ್ನುನೋವು, ನಿದ್ರೆ ಸರಿಯಿಲ್ಲ. ಯೋಗ ಮಾಡಬೇಕು, ಆದರೆ ಸಮಯವೇ ಇಲ್ಲ." ಯೋಗವೆಂದರೆ ದಿನನಿತ್ಯದ ಬದುಕಿನಿಂದ ಹೊರಗಿರುವ ಯಾವುದೋ ಒಂದು ಸಾಧನೆ ಎಂಬ ಭಾವನೆ ಈ ಮಾತಿನಲ್ಲಿದೆ. ನಮ್ಮ ಕನ್ನಡನಾಡಿನ ಇತಿಹಾಸವೇ ಇದಕ್ಕೆ ಬೇರೆ ಉತ್ತರ ಕೊಡುವುದರಿಂದ ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಪತಂಜಲಿಯ ಯೋಗಸೂತ್ರಗಳು ಇನ್ನೂರಕ್ಕೆ ನಾಲ್ಕೈದು ಕಡಿಮೆ. ಅವುಗಳಲ್ಲಿ ಆಸನದ ಕುರಿತಾಗಿರುವವು ಕೇವಲ ಮೂರು. ಆಸನಗಳ ವಿಸ್ತಾರವೆಲ್ಲ ನಂತರದ ಹಠಯೋಗ ಪರಂಪರೆಯಲ್ಲಿ ಬೆಳೆದು ಬಂದುದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ. ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೈಸೂರಿನ ಅರಮನೆಗೆ ಈ ವಿದ್ಯೆಯ ಪರಿಚಯ ಚೆನ್ನಾಗಿಯೇ ಇತ್ತು. ಆದರೆ ಅದು ಜನಸಾಮಾನ್ಯರ ಕೈಗೆ ಇನ್ನೂ ಬಂದಿರಲಿಲ್ಲ.

ಆ ಕೆಲಸಕ್ಕೆ ನೆರವಾದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಿತ್ರದುರ್ಗ ಸೀಮೆಯ ಮುಚುಕುಂಟೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗಾಗಿ ಅವರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದನ್ನು ತೆರೆಸಿದರು. ಅಲ್ಲಿ ಮುಖ್ಯವಾಗಿ ಕಲಿತವರು ಸನ್ಯಾಸಿಗಳಲ್ಲ, ಹುಡುಗರು. ಓಡುವ ವಯಸ್ಸಿನ ಮಕ್ಕಳನ್ನು ಕಣ್ಣುಮುಚ್ಚಿ ಕುಳಿತಿರಿ ಎಂದರೆ ಕೂರುವರೇ? ಒಂದು ಆಸನದಿಂದ ಮತ್ತೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಸಾಗುವ ಕ್ರಮ ಅಲ್ಲಿ ರೂಪುಗೊಂಡಿತು. ಮಕ್ಕಳ ನಡುವೆ ದುಡಿದ ನನಗೆ ಇದರ ಔಚಿತ್ಯ ಸುಲಭವಾಗಿ ಅರ್ಥವಾಗುತ್ತದೆ. ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಇಂದು ಜಗತ್ತಿನ ಮೂಲೆಮೂಲೆಗಳಲ್ಲಿ ನಡೆಯುವ ಯೋಗ ತರಗತಿಗಳ ಬೇರುಗಳಲ್ಲೊಂದು ನಮ್ಮ ಭಾಷೆಯಲ್ಲಿದೆ.

ಈ ಪದ್ಧತಿ ಪೂರ್ತಿ ಪ್ರಾಚೀನವೋ, ಆ ಕಾಲದ ವ್ಯಾಯಾಮ ಶಿಕ್ಷಣದ ಪ್ರಭಾವವೂ ಅದರಲ್ಲಿದೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಮೈಸೂರು ಅರಮನೆಯ ಯೋಗಪರಂಪರೆಯನ್ನು ಕುರಿತು ನಾರ್ಮನ್ ಸ್ಯೋಮನ್ 1996ರಲ್ಲಿ ಪುಸ್ತಕವನ್ನೇ ಬರೆದರು. ಪರಂಪರೆ ತನ್ನ ಕಾಲದಿಂದ ಕೆಲವನ್ನು ಪಡೆದುಕೊಂಡಿದ್ದರೆ ಅದರಿಂದ ಅದರ ಗೌರವ ಕುಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎದುರಿಗಿರುವ ಮಕ್ಕಳಿಗೆ ತಕ್ಕಂತೆ ಪಾಠವನ್ನು ಹೊಂದಿಸಿಕೊಳ್ಳುವುದು ಗುರುವಿನ ಧರ್ಮವಲ್ಲವೇ?

ಆ ಶಾಲೆಗೆ ಬಂದವರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಒಬ್ಬ ರೋಗಿಷ್ಠ ಹುಡುಗನೂ ಇದ್ದ. ಇನ್‌ಫ್ಲುಯೆಂಜಾ ಹಾವಳಿಯ 1918ರಲ್ಲಿ ಹುಟ್ಟಿ, ಮಲೇರಿಯ, ಟೈಫಾಯ್ಡ್, ಕ್ಷಯಗಳಿಂದ ನರಳಿದವನು. ಕೃಷ್ಣಮಾಚಾರ್ಯರ ಪತ್ನಿಯ ತಮ್ಮ. ಅವರೇ ಬಿ.ಕೆ.ಎಸ್. ಅಯ್ಯಂಗಾರ್. ಮುಂದೆ ಪುಣೆಯಲ್ಲಿ ನೆಲೆಸಿ, ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿಗಳ ಆಸರೆಯಿಂದ ವೃದ್ಧರೂ ಅಶಕ್ತರೂ ಆಸನ ಮಾಡಬಹುದೆಂದು ತೋರಿಸಿದರು. ಹಾಸನದ ಸಮೀಪದ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿಯೇ ಉಳಿದು ಕಲಿಸಿದರು. ಸಂಸ್ಥಾನದ ಆಳ್ವಿಕೆ ಮುಗಿದ ಮೇಲೆ, 1950ರಲ್ಲಿ ಯೋಗಶಾಲೆ ಮುಚ್ಚಿಹೋಯಿತು. ಆದರೆ ವಿದ್ಯೆ ಶಿಷ್ಯರೊಡನೆ ಹೊರಟುಹೋಗಿತ್ತು. ಕಟ್ಟಡದ ಬೀಗ ಅದನ್ನು ಹಿಡಿದಿಡಲಾಗಲಿಲ್ಲ.

ಅರಮನೆಯ ಆಸರೆಯಿಲ್ಲದೆ ಇದೇ ಕೆಲಸ ಮಾಡಿದವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ನಮ್ಮ ಕರಾವಳಿಯವರೇ, ಈಗಿನ ಕಾಸರಗೋಡು ಜಿಲ್ಲೆಯ ಬಾರದಲ್ಲಿ ಜನಿಸಿದವರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, ಆಯುರ್ವೇದ ಚಿಕಿತ್ಸೆ ನೀಡುತ್ತ, ಊರೂರುಗಳಲ್ಲಿ ಶಿಬಿರ ನಡೆಸಿ ಯೋಗ ಕಲಿಸಿದರು. ಜೋಳಿಗೆ ಹಿಡಿದು ಬೇಡಿ ತಂದುದರಿಂದ ಸಂಸ್ಥೆಯನ್ನು ಬೆಳೆಸಿದ ಅವರು 'ತಿರುಕ' ಎಂಬ ಹೆಸರಿನಲ್ಲಿಯೇ ಬರೆದರು. 1996ರಲ್ಲಿ ಅವರು ತೀರಿಕೊಂಡರು. ಅವರ ಶಿಬಿರಗಳಿಗೆ ಬಂದವರು ಹಳ್ಳಿಯ ಜನ. ಅವರಿಗೂ ನಿಮ್ಮಂತೆಯೇ ನೂರೆಂಟು ಕೆಲಸಗಳಿದ್ದವು.

ಈಚೆಗೆ 'ಮೈಂಡ್‌ಫುಲ್‌ನೆಸ್' ಎಂಬ ಮಾತು ಬಹಳ ಕೇಳಿಬರುತ್ತದೆ. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸಿನ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗೆ ಇದನ್ನು ಕಲಿಸಲಾರಂಭಿಸಿದರು. ಅದರ ಮೂಲ ಬೌದ್ಧರ 'ಸತಿ', ಸಂಸ್ಕೃತದಲ್ಲಿ 'ಸ್ಮೃತಿ'. ಮಾಡುತ್ತಿರುವುದರ ಮೇಲೆ ಎಚ್ಚರವಿರುವುದೇ ಅದರ ಸಾರ. ನಮ್ಮ ತ್ರಾಸಿಯ ಕಡಲಿನಲ್ಲಿ ಬಲೆ ಬೀಸುವವನಿಗೆ ಈ ಎಚ್ಚರವಿಲ್ಲದಿದ್ದರೆ ದೋಣಿಯೇ ಉಳಿಯದು. ಊಟದ ಹೊತ್ತಿನಲ್ಲಿ ಮೊಬೈಲ್ ನೋಡುವ ನಮಗೆ ಅದು ತಪ್ಪಿಹೋಗಿದೆ, ಅಷ್ಟೇ.

2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ಜೂನ್ 21ನ್ನು ಯೋಗದಿನವೆಂದು ಘೋಷಿಸಿತು. ಸಂತೋಷವೇ. ಆದರೆ ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗ ಮಾತ್ರ ನೆಲೆಗೊಳ್ಳುತ್ತದೆ ಎಂಬುದು ಪತಂಜಲಿಯ ಅಭಿಪ್ರಾಯ. ವರ್ಷಕ್ಕೊಂದು ದಿನ ಸಾಲದು. ಬೆಳಿಗ್ಗೆ ಜಗಲಿಯಲ್ಲೊಂದು ಚಾಪೆ ಹಾಸಿ, ಬಲ್ಲವರಿಂದ ಕಲಿತ ನಾಲ್ಕೇ ಆಸನಗಳನ್ನು ಉಸಿರಿನ ಮೇಲೆ ಗಮನವಿಟ್ಟು ಮಾಡಿ. ಮೊಣಕಾಲು ನೋವೋ ರಕ್ತದೊತ್ತಡವೋ ಇದ್ದರೆ ವೈದ್ಯರನ್ನು ಮೊದಲು ಕೇಳಿ. ಹದಿನೈದು ನಿಮಿಷ ಸಾಕು. ಮುಂದಿನ ಸಲ ಊರಿಗೆ ಬಂದಾಗ ಎಷ್ಟು ದಿನ ತಪ್ಪಿತೆಂದು ನಾನು ಕೇಳದೆ ಬಿಡುವವನಲ್ಲ.